ರಾಜನ ಮಂಟಿ

18 ನವೆಂಬರ್ 1985, ಸೋಮವಾರ

ಇವತ್ತು ಮಂಟಿಪಾಳ್ಯದಲ್ಲಿ ಹಳೇ ಗೋರಿಯ ಮುಚ್ಚುಗಲ್ಲು ಎತ್ತಿದೆವು. ಹಾರೆ, ಹಗ್ಗ, ಹುಣಸೆ ದಿಮ್ಮಿ, ಊರಿನ ಗಂಡಸರೆಲ್ಲ. ಬೆಳಿಗ್ಗೆ ಶುರುವಾದದ್ದು ಊಟದ ಹೊತ್ತು ಮೀರಿದ ಮೇಲೆ ಮುಗಿಯಿತು. ಕಲ್ಲು ಗೇಣುದ್ದ ಮೇಲೆದ್ದಾಗ ಒಳಗಿಂದ ತಣ್ಣನೆ ಉಸಿರು ಬಂತು ಅಂತ ಕೂಲಿಯವರು ಹಿಂದೆ ಸರಿದರು. ನನಗೇನೂ ತಗಲಲಿಲ್ಲ, ಆದ್ದರಿಂದ ಬರೆಯಲಿಲ್ಲ. "ಕಂಡದ್ದು ಬರಿ, ಅಳೆದದ್ದು ಬರಿ, ಮಿಕ್ಕಿದ್ದೆಲ್ಲ ಕಾದಂಬರಿ" ಅಂತ ಮೊದಲ ದಿನವೇ ಹೇಳಿಕೊಟ್ಟವರು ಮೇಷ್ಟ್ರು, ಪ್ರೊಫೆಸರ್ ಚನ್ನವೀರಪ್ಪನವರು.

ಒಳಗೆ ನಾಲ್ಕು ಚಪ್ಪಡಿಗಳ ಪುಟ್ಟ ಕೋಣೆ. ಪೂರ್ವದ ಚಪ್ಪಡಿಯಲ್ಲಿ ತಲೆ ತೂರುವಷ್ಟು ದುಂಡನೆಯ ಕಿಂಡಿ. ಕೋಣೆಯ ತುಂಬ ಮಣ್ಣು. ಅದರ ನಡುವೆ ಸುಟ್ಟಮಣ್ಣಿನ ತೊಟ್ಟಿಯೊಂದರ ಅಂಚು ಕಾಣುತ್ತಿದೆ. ಸತ್ತವರ ಮೂಳೆಗಳನ್ನು ಇಂಥ ತೊಟ್ಟಿಯಲ್ಲಿಟ್ಟು ಮುಚ್ಚುತ್ತಿದ್ದರು. ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು. ಊರವರಿಗೆ ಈ ದಿಬ್ಬ ರಾಜನ ಮಂಟಿ. ಯಾವ ರಾಜ ಅಂದರೆ ಯಾರಿಗೂ ಗೊತ್ತಿಲ್ಲ.

ಕೆಂಗೇರಿಯ ಆಚೆಯ ಈ ಹೊಲ, ಮನೆ ಎಲ್ಲ ಹೊಸ ಲೇಔಟಿಗೆ ಹೋಗುತ್ತಿವೆ. ಬುಲ್ಡೋಜರ್ ಬರುವ ಮೊದಲು ಅಗೆದು ನೋಡಲು ಮೇಷ್ಟ್ರ ಸಂಶೋಧನಾ ಸಂಸ್ಥೆಗೆ ಫೆಬ್ರವರಿವರೆಗೆ ಅನುಮತಿ ಸಿಕ್ಕಿದೆ. ನನ್ನ ಕೆಲಸವೂ ಅಲ್ಲಿವರೆಗೇ. ದೊಡ್ಡದೇನಾದರೂ ಸಿಕ್ಕರೆ ಖಾಯಂ ಮಾಡಿಸ್ತೀನಿ ಅಂದಿದ್ದಾರೆ.

ಕಲ್ಲೆತ್ತುವುದನ್ನು ನೋಡಲು ನಗರಾಭಿವೃದ್ಧಿ ಪ್ರಾಧಿಕಾರದ ಅಧಿಕಾರಿ ಶ್ಯಾಮಸುಂದರ ಜೀಪಿನಲ್ಲಿ ಬಂದಿದ್ದರು. ಜಮೀನು ವಶಪಡಿಸಿಕೊಳ್ಳುವ ಕೆಲಸ ಅವರದೇ. ಹೊಲ ಬಿಡಿ ಅಂತ ಊರವರು ಸುತ್ತುವರಿದರು. "ರಾಜನ ಸಮಾಧಿ ಅಂತ ಪ್ರೊಫೆಸರು ಬರೆದುಕೊಟ್ಟರೆ ಸುತ್ತಲಿನ ಜಮೀನು ಬಿಡಬಹುದು. ಬರೀ ಗೋರಿ ಆದರೆ ಇಂಥವು ಈ ಸೀಮೆ ತುಂಬ ಇವೆಯಲ್ಲಪ್ಪ" ಅಂದರು ಶ್ಯಾಮಸುಂದರ.

ಮಣ್ಣು ಹೊರುವ ಮುದುಕಿಯೊಬ್ಬಳು ಚೊಂಬಿನಲ್ಲಿ ನೀರು ತಂದುಕೊಟ್ಟಳು. ನನ್ನ ಹತ್ತಿರ ಇದೆ ಅಂತ ಫ್ಲಾಸ್ಕು ತೋರಿಸಿದೆ.

22 ನವೆಂಬರ್, ಶುಕ್ರವಾರ

ವಠಾರದ ಯಜಮಾನರು ಮತ್ತೆ ಬಂದಿದ್ದರು. ಈ ಸಾಲುಮನೆ ಕೆಡವಿ ಮಹಡಿ ಕಟ್ಟುತ್ತಾರಂತೆ, ಬೇಸಿಗೆಯೊಳಗೆ ಖಾಲಿ ಮಾಡಬೇಕಂತೆ. ರಾಜಾಜಿನಗರದಲ್ಲಿ ಈಗ ನಮಗೆ ಎಟುಕುವ ಬಾಡಿಗೆಗೆ ಒಂದು ಕೋಣೆಯೂ ಸಿಗುವುದಿಲ್ಲ.

ಅಪ್ಪ ಮಾತ್ರ ಹೆದರಲಿಲ್ಲ. ಅವರು ಸೈಟಿಗೆ ಅರ್ಜಿ ಹಾಕಿದಾಗ ನಾನು ಲಂಗ ದಾವಣಿಯಲ್ಲಿದ್ದೆ. ಅಂಚೆ ಕಚೇರಿಯಿಂದ ನಿವೃತ್ತರಾಗಿಯೂ ಕಾಲವಾಯಿತು. ಈ ಸಲ ಹಿರಿತನದಲ್ಲಿ ಚಕ್ರಪಾಣಿ ಅನ್ನುವ ಹೆಸರು ಬಂದೇ ಬರುತ್ತದೆ ಅಂತ ಪ್ರಾಧಿಕಾರದಲ್ಲಿ ಹೇಳಿದರಂತೆ.

"ಯಾವ ಲೇಔಟು ಅಪ್ಪ?"

"ಕೆಂಗೇರಿ ಆಚೆ. ಮಂಟಿಪಾಳ್ಯ ಅಂತೇನೋ. ನೀನು ದಿನಾ ಹೋಗೋ ಕಡೆಯೇ ಅಲ್ವೇನೇ ಅನಂತು?"

ಹೌದು ಅಂದೆ. ಅಮ್ಮ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟು, ಅಲ್ಲಿ ನೀರು ಹೇಗಿದೆ, ಸಿಹಿಯೋ ಉಪ್ಪೋ ಅಂತ ಕೇಳಿದರು. ಗೊತ್ತಿಲ್ಲ ಅಂದೆ. ನಿಜವಾಗಿ ಗೊತ್ತಿಲ್ಲ.

25 ನವೆಂಬರ್, ಸೋಮವಾರ

ಚಿನ್ನ ಸಿಕ್ಕಿತು. ನನ್ನ ಕೈಗೇ ಸಿಕ್ಕಿತು.

ತೊಟ್ಟಿಯ ಪೂರ್ವದ ಮೂಲೆಯಲ್ಲಿ ಕರಣೆಯಿಂದ ಮಣ್ಣು ಕೆರೆಯುತ್ತಿದ್ದೆ. ಹಳದಿಯಾಗಿ ಏನೋ ಮಿನುಗಿತು. ಗೋಲಿಗಿಂತ ಚಿಕ್ಕದು, ಒಳಗೆ ಟೊಳ್ಳು, ಒಂದು ಕಡೆ ನಜ್ಜಿದೆ. ಅದರ ಪಕ್ಕ ಇನ್ನೊಂದು. ಒಟ್ಟು ನಾಲ್ಕು ಗುಂಡು. ಮೇಷ್ಟ್ರನ್ನು ಕರೆದೆ. ಅವರು ಮೊಣಕಾಲೂರಿ ಕೂತರು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ತಮಿಳುನಾಡಿನ ಆದಿಚ್ಚನಲ್ಲೂರಿನಲ್ಲಿ ಹಿಂದೆ ಚಿನ್ನ ಸಿಕ್ಕಿತ್ತು. ನಮ್ಮ ಕಡೆ ಸಿಕ್ಕಿಲ್ಲವಲ್ಲ ಅಂತ ಮೂವತ್ತು ವರ್ಷ ಮಡಕೆ ಚೂರು ಎಣಿಸ್ತಾ ಕೂತಿದ್ದೆ ಕಣಮ್ಮ" ಅಂದರು. ಮುಂದಿನ ವರ್ಷ ಅವರು ನಿವೃತ್ತರಾಗುತ್ತಾರೆ.

ಊರಿಗೆ ಊರೇ ಓಡಿಬಂತು. ಕಾವಲಿನ ಚಿಕ್ಕಹನುಮಯ್ಯ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಗುಂಡುಗಳಿಗೆ ಕೈಮುಗಿದ. ನಾನು ನಕ್ಕೆ. ಕೆಲಸ ಖಾಯಂ ಅಂತ ಮೇಷ್ಟ್ರು ಬಸ್‌ಸ್ಟಾಪಿನಲ್ಲಿ ಎರಡು ಸಲ ಹೇಳಿದರು. ಬಸ್ಸಿನಲ್ಲಿ ಮೈಸೂರು ರಸ್ತೆ ಉದ್ದಕ್ಕೂ ಅದೇ ಯೋಚನೆ. ಬಾಪೂಜಿ ನಗರ ದಾಟಿದ ಮೇಲೆ ಇನ್ನೊಂದು ಯೋಚನೆ ಬಂತು: ಇದು ರಾಜನದಾದರೆ ಅಪ್ಪನ ಸೈಟು ಹೋಯಿತು.

ಮನೆಯಲ್ಲಿ ಹೇಳಲಿಲ್ಲ.

ಇನ್ನೊಂದು. ಆ ಮೂಲೆಯ ಮಣ್ಣು ಸಡಿಲವಾಗಿತ್ತು. ಶನಿವಾರ ನಾನೇ ಅಲ್ಲಿ ಕೆರೆದಿದ್ದೆ, ಗಟ್ಟಿಯಾಗಿತ್ತು. ನಿನ್ನೆ ಭಾನುವಾರ, ನಮಗೆ ರಜ.

27 ನವೆಂಬರ್, ಬುಧವಾರ

ಸಂಸ್ಥೆ ಅಂದರೆ ಬಸವೇಶ್ವರನಗರದಲ್ಲಿ ಮೇಷ್ಟ್ರ ಮನೆಯ ಮಹಡಿ. ಅಲ್ಲಿ ಕೂತು ಗುಂಡುಗಳನ್ನು ಮೆತ್ತನೆ ಕುಂಚದಿಂದ ತೊಳೆದೆ. ಮೂರನೆಯದರ ತೂತಿನಲ್ಲಿ ಏನೋ ಸಿಕ್ಕಿಕೊಂಡಿತ್ತು. ಸೂಜಿಯಿಂದ ಎಳೆದು ಬಿಳಿ ಕಾಗದದ ಮೇಲಿಟ್ಟು ಭೂತಗನ್ನಡಿ ಹಿಡಿದೆ.

ನೂಲಿನ ಎಳೆ. ಹಳದಿ. ಅಮ್ಮ ಗೌರಿಹಬ್ಬಕ್ಕೆ ಕೈಗೆ ಕಟ್ಟಿಕೊಳ್ಳುವ ದಾರದ ಹಳದಿ.

ಮಣ್ಣಿನೊಳಗೆ ನೂಲು ಇಷ್ಟು ಕಾಲ ಉಳಿಯುವುದಿಲ್ಲ. ಅರಿಶಿನವಂತೂ ಇಲ್ಲವೇ ಇಲ್ಲ.

ಕಾಗದ ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡೆ. ಮೇಷ್ಟ್ರು ಕೆಳಗೆ ಫೋನಿನಲ್ಲಿ ಯಾರೋ ಪತ್ರಿಕೆಯವರ ಜೊತೆ ಮಾತಾಡುತ್ತಿದ್ದರು. ನಗು ಕೇಳಿಸುತ್ತಿತ್ತು.

28 ನವೆಂಬರ್

ತಲೆನೋವು ಅಂತ ಹೋಗಲಿಲ್ಲ. ಸುಳ್ಳಲ್ಲ, ನೋವಿತ್ತು.

2 ಡಿಸೆಂಬರ್, ಸೋಮವಾರ

ಎಲ್ಲ ಹೆಂಗಸರ ಕತ್ತು ನೋಡಿದೆ. ನಾಚಿಕೆಯ ಕೆಲಸ, ಆದರೂ ನೋಡಿದೆ. ಉಳಿದವರೆಲ್ಲ ಬಿಸಿಲಿಗೆ ಸೆರಗನ್ನು ತಲೆಗೆ ಹಾಕಿಕೊಂಡರೆ, ನೀರು ಕೊಡಲು ಬಂದಿದ್ದ ಮುದುಕಿ ಮುನಿತಾಯಮ್ಮ ಕತ್ತಿಗೆ ಸುತ್ತಿ ಸಿಕ್ಕಿಸಿಕೊಂಡಿದ್ದಳು. ಚಿಕ್ಕಹನುಮಯ್ಯನ ಹೆಂಡತಿ ಅವಳು. ಮಣ್ಣಿನ ಮಂಕರಿ ಎತ್ತಿ ತಲೆಗಿಡುವಾಗ ಸೆರಗು ಜಾರಿತು. ದಾರದಲ್ಲಿ ತಾಳಿ ಮಾತ್ರ ಇತ್ತು. ಅದರ ಆಚೆ ಈಚೆ ಗುಂಡುಗಳಿರಬೇಕಾದ ಕಡೆ ಅರಿಶಿನದ ಕೊನೆ ಕಟ್ಟಿದ್ದಳು.

ಮಧ್ಯಾಹ್ನ ಅವಳು ಹೊಲದ ಕಡೆ ಹೋದಾಗ ಹಿಂದೆ ಹೋದೆ. ರಾಗಿ ಕೊಯ್ದು ಮೆದೆ ಹಾಕಿದ್ದರು.

"ಅಮ್ಮ, ನಿಮ್ಮ ತಾಳಿ ಗುಂಡು ಎಲ್ಲಿ?"

ನನ್ನ ಮುಖ ನೋಡಿದಳು. ಸೆರಗು ಸರಿಮಾಡಿಕೊಳ್ಳಲಿಲ್ಲ. "ಕಾಣಬಾರದ್ನ ಕಂಡ್ಬುಟ್ಯಲ್ಲವ್ವ" ಅಂದಳು.

"ಯಾಕೆ ಹೀಗೆ ಮಾಡಿದ್ರಿ?"

"ಆಪೀಸ್ರು ಯೋಳುದ್ರಲ್ಲ, ರಾಜಂದಾದ್ರೆ ಬುಡ್ತೀವಿ ಅಂತ. ರಾಜ ಅಂದ್ಮ್ಯಾಕೆ ಮೈಮ್ಯಾಲೆ ಒಸಿ ಬಂಗಾರ ಇರಬ್ಯಾಡ್ವಾ? ಅವನತ್ರ ಇರ್ನಿಲ್ಲ. ನಾನು ಕೊಟ್ಟೆ."

"ನಿಮ್ಮ ಯಜಮಾನರಿಗೆ ಗೊತ್ತಾ?"

"ಆವಯ್ಯಂಗೆ ಯೋಳುದ್ರೆ ಊರಿಗೆಲ್ಲ ಯೋಳ್ದಂಗೆ."

"ಇದು ಸುಳ್ಳಮ್ಮ. ಯಾರಾದ್ರೂ ಕಂಡುಹಿಡೀತಾರೆ. ಪೊಲೀಸು ಅಂತಾರೆ."

"ಈ ಹೊಲ ಸುಳ್ಳಾ?" ಅಂದಳು. ಆಮೇಲೆ ಹುಣಸೆ ಮರದ ಕಡೆ ಕೈ ತೋರಿಸಿದಳು. ಊರಿನ ಸುಡುಗಾಡು ಅದು, ಮಂಟಿಯ ಸುತ್ತ ನೆಟ್ಟ ಕಲ್ಲುಗಳಿಗೆ ಅಂಟಿಕೊಂಡೇ ಇದೆ. "ನನ್ನ ಎರಡು ಮಕ್ಳು ಅಲ್ಲೇ ಅವೆ. ಅವುಕ್ಕೆ ಚಪ್ಪಡಿ ಇಲ್ಲ, ಗುರ್ತಿಲ್ಲ. ನಂಗೊಬ್ಬಳಿಗೆ ಗೊತ್ತು ಯಾವ ತಾವು ಅಂತ. ಬುಲ್ಡೋಜ್ರಿಗೆ ಏನ್ ಗೊತ್ತಾಯ್ತದವ್ವ?"

ಅವಳೇ ಕೇಳಿದಳು, "ನಿಮ್ಮನೆ ಎಲ್ಲಿ?"

"ರಾಜಾಜಿನಗರ."

"ಸ್ವಂತದ್ದಾ?"

"ಬಾಡಿಗೆ."

"ಅಯ್ಯೋ ಪಾಪ" ಅಂದಳು. ಆಮೇಲೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

5 ಡಿಸೆಂಬರ್, ಗುರುವಾರ

ಮೇಷ್ಟ್ರಿಗೆ ಹೇಳಿದೆ. ಮುನಿತಾಯಮ್ಮನ ಹೆಸರು ಹೇಳಲಿಲ್ಲ. ನೂಲು ಸಿಕ್ಕಿತು, ಮಣ್ಣು ಸಡಿಲವಾಗಿತ್ತು, ಗುಂಡು ಈಚಿನದು ಅಂದೆ.

ಅವರು ಎದ್ದು ಮಹಡಿಯ ಬಾಗಿಲು ಮುಚ್ಚಿಬಂದರು. "ಎಲ್ಲಿದೆ ನೂಲು?"

ಕಾಗದ ಬಿಡಿಸಿ ಕೊಟ್ಟೆ. ಭೂತಗನ್ನಡಿ ಹಿಡಿದು ನೋಡಿದರು. ಅವರಿಗೆ ಅರ್ಥವಾಯಿತು ಅನ್ನುವುದು ನನಗೆ ಅರ್ಥವಾಯಿತು. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಪ್ರಸಾದದ ಹಾಗೆ, ಕಿಟಕಿಯವರೆಗೆ ಒಯ್ದರು. ಹೊರಗೆ ಕೊಡವಿದರು.

"ಈಗ ಇಲ್ಲ" ಅಂದರು.

ನಾನು ಕುರ್ಚಿಯಿಂದ ಏಳಲೂ ಇಲ್ಲ.

"ಅನಂತಲಕ್ಷ್ಮಿ, ಇದರಿಂದ ಯಾರಿಗೆ ನಷ್ಟ ಹೇಳು. ಆ ಬಡವರ ಹೊಲ ಉಳಿಯುತ್ತೆ. ನಿನಗೆ ಕೆಲಸ. ನನಗೆ," ಅಂತ ನಿಲ್ಲಿಸಿದರು. "ನನಗೆ ಏನೋ ಒಂದು."

"ನಿಜ ಏನು ಸಾರ್?"

"ಸೈಟಿಗೆ ಅರ್ಜಿ ಹಾಕಿರೋರು ನಿನ್ನ ತಂದೆ ಅಲ್ವಾ? ಯಾವ ಲೇಔಟು?"

ಅದನ್ನು ಹಿಂದೊಮ್ಮೆ ನಾನೇ ಹೇಳಿದ್ದೆ, ಬಸ್ಸಿಗೆ ಕಾಯುವಾಗ, ಮಾತಿಗೆ ಮಾತು ಬಂದು. ಅವರು ಮೆಲ್ಲಗೆ ಅಂದರು, "ನೀನು ಎದ್ದುನಿಂತು ಇದು ರಾಜನದಲ್ಲ ಅಂದರೆ, ಯಾಕೆ ಅಂದೆ ಅಂತ ಜನ ಕೇಳಲ್ವಾ?"

ಇಳಿದು ಬಂದೆ. ಕುರುಬರಹಳ್ಳಿ ಕಡೆಯಿಂದ ನಡೆದೇ ಮನೆಗೆ ಬಂದೆ. ಬಸ್ಸು ಬಂದಿತ್ತು, ಹತ್ತಲು ಮರೆತೆ.

9 ಡಿಸೆಂಬರ್, ಸೋಮವಾರ

ಗುರುವಾರ ಶ್ಯಾಮಸುಂದರ ಮತ್ತು ಪತ್ರಿಕೆಯವರು ಮಂಟಿಪಾಳ್ಯಕ್ಕೆ ಬರುತ್ತಾರೆ. ಅಲ್ಲಿಯೇ ಘೋಷಣೆ.

ಅಪ್ಪ ಸೈಟಿನ ಮನೆಗೆ ನಕ್ಷೆ ಬರೆದಿದ್ದಾರೆ. ಪೆನ್ಸಿಲಿನಲ್ಲಿ, ಹಳೇ ಕ್ಯಾಲೆಂಡರಿನ ಹಿಂದೆ. ನನಗೊಂದು ಕೋಣೆ, ಪುಸ್ತಕಕ್ಕೆ ಗೂಡು.

ಊಟ ಸೇರುತ್ತಿಲ್ಲ.

12 ಡಿಸೆಂಬರ್, ಗುರುವಾರ

ಆದದ್ದನ್ನು ಆದ ಹಾಗೆ ಬರೆಯಬೇಕು.

ಮಂಟಿಯ ಪಕ್ಕ ಶಾಮಿಯಾನ ಹಾಕಿದ್ದರು. ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ನಾಲ್ಕು ಗುಂಡು. ಶ್ಯಾಮಸುಂದರ ಕುರ್ಚಿಯಲ್ಲಿ, ಪತ್ರಿಕೆಯವರು ಬೆಂಚಿನಲ್ಲಿ. ಊರವರು ಸುತ್ತ ನಿಂತಿದ್ದರು, ಹಬ್ಬದ ಬಟ್ಟೆ ಉಟ್ಟು. ಮೇಷ್ಟ್ರು ಚೆನ್ನಾಗಿ ಮಾತಾಡಿದರು. ಕಬ್ಬಿಣ ಕಾಯಿಸಲು ಕಲಿತ ಆ ಜನ, ಅವರ ಕಪ್ಪು ಕೆಂಪು ಮಡಕೆ, ಬೆಟ್ಟದಿಂದ ಎಳೆದು ತಂದ ಚಪ್ಪಡಿ. ಎಲ್ಲ ನಿಜವೇ. ಕೊನೆಗೆ ಗುಂಡಿನ ಕಡೆ ಕೈ ಚಾಚಿ, "ಈ ಸಮಾಧಿ ಸಾಮಾನ್ಯನದಲ್ಲ" ಅಂದರು.

ಪತ್ರಿಕೆಯವನೊಬ್ಬ ಕೇಳಿದ, "ಮೊದಲು ಕಂಡವರು ಯಾರು ಸಾರ್?"

ಮೇಷ್ಟ್ರು ನನ್ನನ್ನು ತೋರಿಸಿದರು. ಎಲ್ಲರೂ ತಿರುಗಿದರು. ಫೋಟೋದವನು ಕ್ಯಾಮೆರಾ ಎತ್ತಿದ. "ಹೇಳಿ ಮೇಡಂ, ಹೇಗೆ ಸಿಕ್ಕಿತು?"

ನಾನು ಅಂದೆ, "ಇವು ಗೋರಿಯವಲ್ಲ. ಇಲ್ಲಿ ಮಣ್ಣು ಹೊರುವಾಗ ಮುನಿತಾಯಮ್ಮನವರ ತಾಳಿಯಿಂದ ಬಿದ್ದ ಗುಂಡುಗಳು. ಮಣ್ಣಲ್ಲಿ ಬೆರೆತು ನನ್ನ ಕೈಗೆ ಸಿಕ್ಕವು. ಗೊತ್ತಾಗೋದು ತಡವಾಯ್ತು."

ಮೇಷ್ಟ್ರ ಕತ್ತಿನ ನರ ಎದ್ದು ಕಾಣುತ್ತಿತ್ತು. "ಯಾರಮ್ಮ ಮುನಿತಾಯಮ್ಮ?" ಅಂತ ಶ್ಯಾಮಸುಂದರ ಕೇಳಿದರು.

ಮುನಿತಾಯಮ್ಮ ಮುಂದೆ ಬಂದರು. ಸೆರಗು ಕತ್ತಿಗೆ ಬಿಗಿಯಾಗಿ ಸುತ್ತಿತ್ತು. ನನ್ನನ್ನು ನೋಡಿದರು. ಆ ನೋಟ ಬರೆಯಲು ಬರುವುದಿಲ್ಲ. ಇಲ್ಲ, ನನ್ನದಲ್ಲ, ಈ ಹುಡುಗಿ ಸುಳ್ಳು ಹೇಳ್ತಾಳೆ ಅಂದಿದ್ದರೆ ಸಾಕಿತ್ತು. ರಾಜ ಉಳಿಯುತ್ತಿದ್ದ. ಅನ್ನುತ್ತಾರೆ ಅಂತಲೇ ನಾನು ಕಾದೆ.

ಆಗ ಪಕ್ಕದಲ್ಲಿ ನಿಂತಿದ್ದ ಚಿಕ್ಕಹನುಮಯ್ಯ, ಸಭೆ ಸಾಹೇಬರು ಎಲ್ಲ ಮರೆತು, ಹೆಂಡತಿಯ ಸೆರಗು ಸರಿಸಿ ನೋಡಿದರು. "ಗುಂಡು ಎಲ್ಲಮ್ಮೀ?" ಅಂದರು. ಮುಖ ಬಿಳಿಚಿಕೊಂಡಿತ್ತು. "ಯಾವಾಗ್ಲಿಂದ ಇಲ್ಲ? ನನಗೇನಾದ್ರೂ ಆಯ್ತದೆ ಅಂತ ಹೆದ್ರಿಕೆ ಆಗ್ನಿಲ್ವಾ ನಿಂಗೆ?"

ಅವರು ಗಂಡನ ಮುಖ ನೋಡಿದರು. ಒಂದು ಗಳಿಗೆ ಅಷ್ಟೇ. ಮೇಜಿನ ಹತ್ತಿರ ಬಂದು ನಾಲ್ಕೂ ಗುಂಡು ಅಂಗೈಗೆ ಬಳಿದುಕೊಂಡರು. "ಬಿದ್ದೋಗಿದ್ವು ಸ್ವಾಮಿ. ಹೇಳಾಕೆ ಹೆದ್ರಿಕೊಂಡಿದ್ದೆ. ಈ ಅವ್ವ ಹುಡ್ಕಿಕೊಟ್ಟೈತೆ."

ಪತ್ರಿಕೆಯವರು ನಕ್ಕರು. ಶ್ಯಾಮಸುಂದರರೂ ನಕ್ಕು, "ಸದ್ಯ, ಪ್ರೊಫೆಸರೇ, ಪೇಪರಿನಲ್ಲಿ ಬರೋಕೆ ಮುಂಚೆ ಗೊತ್ತಾಯ್ತು" ಅಂದು ಎದ್ದರು. ಜೀಪು ಹೊರಟಿತು. ಊರವರು ಒಬ್ಬೊಬ್ಬರಾಗಿ ಹೊಲದ ಕಡೆ ತಿರುಗಿದರು. ಯಾರೂ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೇಷ್ಟ್ರು ಬಿಳಿ ಬಟ್ಟೆ ಮಡಿಸುತ್ತ, "ನಾಳೆಯಿಂದ ಬರಬೇಡ" ಅಂದರು.

14 ಡಿಸೆಂಬರ್, ಶನಿವಾರ

ಅಪ್ಪನಿಗೆ ಎಲ್ಲ ಹೇಳಿದೆ. ಹಜಾರದಲ್ಲಿ ಕೂತು ಕೊನೆಯವರೆಗೆ ಕೇಳಿದರು. ನಶ್ಯದ ಡಬ್ಬಿ ಕೈಯಲ್ಲೇ ಇತ್ತು, ತೆಗೆಯಲಿಲ್ಲ.

"ನಿಜ ಹೇಳಿ ಬಂದೆ. ಸರಿ" ಅಂದರು. ಡಬ್ಬಿ ಪಕ್ಕಕ್ಕಿಟ್ಟು, "ಆದರೆ ನಿಜದ ಲಾಭ ನಮಗೇ ಬಂತಲ್ಲ ಮಗು."

ಎದ್ದುಹೋಗಿ ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಆ ಕ್ಯಾಲೆಂಡರಿನ ಹಾಳೆ ಮಡಿಸಿ ಟ್ರಂಕಿನಲ್ಲಿ ಹಾಕಿದರು. ಹರಿಯಲಿಲ್ಲ.

ನಾನು ಹೇಳಿದ್ದು ಪೂರ್ತಿ ನಿಜವೂ ಅಲ್ಲ. ಗುಂಡು ಬಿದ್ದಿರಲಿಲ್ಲ.

30 ಡಿಸೆಂಬರ್, ಸೋಮವಾರ

ಕ್ರಿಸ್‌ಮಸ್ ರಜೆಯ ಹಿಂದೆಮುಂದೆ ನಾಲ್ಕಾರು ಸಲ ಮಂಟಿಪಾಳ್ಯಕ್ಕೆ ಹೋದೆ. ಮೊದಲ ದಿನ ಬಾಗಿಲುಗಳು ತೆರೆಯಲಿಲ್ಲ. ಮುನಿತಾಯಮ್ಮನವರ ಜಗಲಿಯ ಮೇಲೆ ಕೂತೆ. ಒಳಗೆ ಪಾತ್ರೆ ಸದ್ದು. ಬಹಳ ಹೊತ್ತಾದ ಮೇಲೆ ಅವರೇ ಹೊರಗೆ ಬಂದು, "ಇನ್ನೇನ್ ಮಾಡಾಕ್ ಬಂದೆ?" ಅಂದರು.

"ತಕರಾರು ಅರ್ಜಿ ಕೊಡೋಣ. ರಾಜ ಬೇಡ. ಇರೋದನ್ನೇ ಬರೆಯೋಣ."

"ಇರೋದು ಏನೈತೆ?"

ತೊಟ್ಟಿಯಲ್ಲಿ ಸಿಕ್ಕ ಮೂಳೆಗಳ ವಿಷಯ ಹೇಳಿದೆ. ಒಂದು ದೊಡ್ಡವರದು, ಹೆಂಗಸೋ ಗಂಡಸೋ ತಿಳಿಯದು. ಜೊತೆಗೆ ಹಾಲುಹಲ್ಲು ಬಿದ್ದಿರದ ಮಗುವಿನದು. ಇಂಥ ಸುತ್ತುಗಲ್ಲುಗಳು ಹೊಲಗಳಲ್ಲಿ ಇನ್ನೂ ಇವೆ, ಅವುಗಳಲ್ಲಿರುವವರೂ ಯಾರದೋ ಮನೆಯವರು. ಊರಿನ ಸುಡುಗಾಡು ಅವುಗಳ ನಡುವೆಯೇ ಇದೆ. ಆಗಿನಿಂದ ಈಗಿನವರೆಗೂ ಜನ ಇಲ್ಲೇ ತಮ್ಮವರನ್ನು ಇಡುತ್ತ ಬಂದಿದ್ದಾರೆ.

"ಮಗೂನಾ?" ಅಂದರು.

ಆಮೇಲೆ ಊರು ಕೂಡಿತು. ಚಿಕ್ಕಹನುಮಯ್ಯನವರ ಜೊತೆ ಹೊಲ ಹೊಲ ಸುತ್ತಿ ಪ್ರತಿಯೊಂದು ಸುತ್ತುಗಲ್ಲಿನ ನಕ್ಷೆ ತೆಗೆದೆ. ಮಧ್ಯಾಹ್ನ ಅವರ ಮನೆಯಲ್ಲೇ ಅವರೆಕಾಳು ಸಾರು. ಮುದ್ದೆ ನುಂಗಲು ಬಾರದೆ ಅಗಿದೆ ಅಂತ ಎಲ್ಲರೂ ನಕ್ಕರು. ಊರ ಬಾವಿಯ ನೀರು ಸಿಹಿ.

ನಕ್ಷೆಗಳಿಗೆ ತಜ್ಞರ ಸಹಿ ಬೇಕು ಅಂತ ಪ್ರಾಧಿಕಾರದಲ್ಲಿ ಅಂದರು. ಬಸವೇಶ್ವರನಗರಕ್ಕೆ ಹೋಗಿ ಮೇಷ್ಟ್ರ ಮುಂದೆ ಇಟ್ಟೆ. ಒಂದೊಂದೇ ಹಾಳೆ ತಿರುವಿ ನೋಡಿದರು, ಎರಡು ಕಡೆ ಅಳತೆ ತಪ್ಪಿದ್ದನ್ನು ತಿದ್ದಿದರು, ಎಲ್ಲಕ್ಕೂ ಸಹಿ ಹಾಕಿದರು. ಬಾಗಿಲವರೆಗೆ ಬಂದರು.

17 ಜನವರಿ 1986, ಶುಕ್ರವಾರ

ಪ್ರಾಧಿಕಾರದ ಕಚೇರಿಯಲ್ಲಿ ತಕರಾರು ಅರ್ಜಿಯ ವಿಚಾರಣೆ. ಒಬ್ಬಳೇ ಹೋಗಬೇಡ ಅಂತ ಅಪ್ಪ ಕೋಟು ಹಾಕಿಕೊಂಡು ಹೊರಟರು. ಮುನಿತಾಯಮ್ಮ, ಚಿಕ್ಕಹನುಮಯ್ಯ, ಊರಿನ ಹತ್ತಿಪ್ಪತ್ತು ಜನ ಮಾರ್ಕೆಟ್‌ವರೆಗೆ ಬಸ್ಸಿನಲ್ಲಿ ಬಂದು ಅಲ್ಲಿಂದ ನಡೆದು ಬಂದಿದ್ದರು.

ನಾನು ನಕ್ಷೆ ಹರಡಿ ಹೇಳಿದೆ. ಶ್ಯಾಮಸುಂದರ ಒಂದಿಷ್ಟು ಹೊತ್ತು ನೋಡಿದರು. ಅವರೇನೂ ಕೆಟ್ಟವರಲ್ಲ. "ಹೋದ ತಿಂಗಳು ರಾಜನದಲ್ಲ ಅಂದವರು ನೀವೇ."

"ಹೌದು ಸಾರ್."

"ಈಗ ಬಿಡಿ ಅನ್ನೋರೂ ನೀವೇ."

"ಹೌದು. ರಾಜನದಲ್ಲ, ಆದರೂ ಬಿಡಿ."

ಅವರು ಫೈಲು ತಿರುವಿದರು. "ಚಕ್ರಪಾಣಿ ಅನ್ನೋರು ನಿಮ್ಮ ತಂದೆಯಾ? ಇದೇ ಲೇಔಟಿನಲ್ಲಿ ಅರ್ಜಿ ಇದೆಯಲ್ಲ. ನೀವು ಯಾರ ಕಡೆಯವರು ತಾಯಿ?"

ಹಿಂದೆ ಕೂತಿದ್ದ ಮುನಿತಾಯಮ್ಮನವರಿಗೆ ಕೇಳಿಸಿತು. ನನಗೆ ಗೊತ್ತು, ಬಳೆಯ ಸದ್ದು ನಿಂತಿತು. ಅವರಿಗೆ ನಾನು ಯಾವತ್ತೂ ಹೇಳಿರಲಿಲ್ಲ. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಅಪ್ಪ ಎದ್ದು ನಿಂತರು. ಕಚೇರಿಗಳಲ್ಲಿ ಅವರು ಯಾವಾಗಲೂ ಕೈಕಟ್ಟಿ ನಿಲ್ಲುವವರು, ಇವತ್ತೂ ಹಾಗೆಯೇ. "ನಾನೇ ಸಾರ್ ಚಕ್ರಪಾಣಿ. ಮಗಳು ಹೇಳ್ತಿರೋದು ನನಗೆ ನಷ್ಟದ ಮಾತು. ಅದಕ್ಕೇ ಅದು ನಿಜ ಇರಬಹುದು ಅಂತ ಇಟ್ಕೊಳ್ಳಿ. ನನ್ನ ಹೆಸರು ಈ ಲೇಔಟಿಂದ ತೆಗೆದುಬಿಡಿ. ಬೇರೆ ಕಡೆ ಬಂದರೆ ಬರಲಿ."

ಶ್ಯಾಮಸುಂದರ ಪೆನ್ನು ಕೆಳಗಿಟ್ಟರು. "ಹಾಗೆಲ್ಲ ಬಾಯಿಮಾತಲ್ಲಿ ಆಗಲ್ಲ ಸ್ವಾಮಿ, ಬರೆದುಕೊಡಬೇಕು."

ಅಪ್ಪ ಅಲ್ಲೇ ಕೂತು ಬರೆದುಕೊಟ್ಟರು. ಅವರ ಅಕ್ಷರ ಯಾವತ್ತೂ ದುಂಡಗೆ. ಇವತ್ತೂ ಒಂದೂ ಸೊಟ್ಟಗಾಗಲಿಲ್ಲ.

ಹೊರಗೆ ಬಂದಾಗ ಮುನಿತಾಯಮ್ಮ ನನ್ನ ಹತ್ತಿರ ಬರಲಿಲ್ಲ. ಅಪ್ಪನ ಮುಂದೆ ಹೋಗಿ ನಿಂತು, "ಸ್ವಾಮೇರು ಬೆಳಿಗ್ಗೆ ಏನಾದ್ರೂ ತಿಂದಿದ್ರಾ?" ಅಂತ ಕೇಳಿದರು. ಇಲ್ಲ ಅಂದರು ಅಪ್ಪ. ಎಲ್ಲರೂ ಹೋಟೆಲಿಗೆ ಹೋಗಿ ಇಡ್ಲಿ ತಿಂದೆವು. ಅಮ್ಮನಿಗೆ ನಾನೇ ಹೇಳ್ತೀನಿ, ನೀನು ಸುಮ್ಮನಿರು ಅಂದರು ಅಪ್ಪ.

ಹೇಳಿದರು. ಅಮ್ಮ ಆಮೇಲೆ ನಮ್ಮಿಬ್ಬರ ಜೊತೆ ಮಾತಾಡಿಲ್ಲ. ಬಡಿಸಿದರು.

4 ಫೆಬ್ರವರಿ, ಮಂಗಳವಾರ

ಆದೇಶ ಬಂತು. ಸುತ್ತುಗಲ್ಲುಗಳಲ್ಲಿ ಅರ್ಧಕ್ಕೂ ಹೆಚ್ಚು, ಸುಡುಗಾಡು, ಊರಿನ ಮನೆಗಳು ಲೇಔಟಿನಿಂದ ಹೊರಗೆ. ಪೂರ್ವದ ಹೊಲಗಳೆಲ್ಲ ಒಳಗೆ. ಮುನಿತಾಯಮ್ಮನವರ ರಾಗಿ ಹೊಲ ಪೂರ್ವಕ್ಕಿದೆ.

ಗೆದ್ದೆವೋ ಸೋತೆವೋ ಅಂತ ಅಪ್ಪ ಕೇಳಿದರು. ಆದೇಶದ ಕಾಗದ ಅವರ ಕೈಗಿಟ್ಟೆ.

16 ಫೆಬ್ರವರಿ, ಭಾನುವಾರ

ಕುರುಬರಹಳ್ಳಿಯಲ್ಲಿ ಒಂದು ಬಾಡಿಗೆ ಮನೆ ಸಿಕ್ಕಿದೆ, ಎರಡು ಕೋಣೆ. ನಿನ್ನೆ ಸಾಮಾನು ಸಾಗಿಸಿದೆವು. ಅಮ್ಮ ಹೊಸ ಒಲೆಕಟ್ಟೆ ಒರೆಸುತ್ತ, ಆ ವಿಚಾರಣೆಯ ದಿನದ ನಂತರ ಮೊದಲ ಸಲ ಮಾತಾಡಿದರು: ನಲ್ಲಿ ಬೆಳಿಗ್ಗೆ ಮಾತ್ರ ಬರುತ್ತಂತೆ, ಬೇಗ ಏಳು. ನನಗೆ ಬಾಪೂಜಿ ನಗರದ ಶಾಲೆಯೊಂದರಲ್ಲಿ ಜೂನಿನಿಂದ ಪಾಠ ಹೇಳುವ ಕೆಲಸ.

ಇವತ್ತು ಮಂಟಿಪಾಳ್ಯದಲ್ಲಿ ಕಡೆಯ ಒಕ್ಕಣೆ. ಹೋದೆ. ಸರ್ವೆಯವರು ಹೊಲದಲ್ಲಿ ಕಲ್ಲು ನೆಟ್ಟು ಸುಣ್ಣ ಬಳಿದಿದ್ದಾರೆ. ಕಣದಲ್ಲಿ ಗುಂಡುಕಲ್ಲು ಉರುಳುತ್ತಿತ್ತು. ನಾನೂ ಸೆರಗು ಸಿಕ್ಕಿಸಿ ಹುಲ್ಲು ಒದರಿದೆ. ಮೈಯೆಲ್ಲ ತುರಿಕೆ, ಈಗಲೂ.

ಹೊತ್ತು ಇಳಿದ ಮೇಲೆ ಮುನಿತಾಯಮ್ಮನೂ ನಾನೂ ಮಂಟಿಯ ಮೇಲೆ ಕೂತೆವು. ತೊಟ್ಟಿಯನ್ನು ಮೂಳೆಗಳ ಸಮೇತ ಒಳಗಿಟ್ಟು ಮುಚ್ಚುಗಲ್ಲು ಮೊದಲಿನಂತೆ ಎಳೆದಿದ್ದಾರೆ. ಹಾಗೆ ಮಾಡಲು ಹೇಳಿದವರು ಮೇಷ್ಟ್ರೇ ಅಂತೆ.

"ಈಗ ನಿಜ ಯೋಳವ್ವ" ಅಂದರು. "ರಾಜ ಅಲ್ವೇ ಅಲ್ವಾ?"

"ಗೊತ್ತಿಲ್ಲ ತಾಯಮ್ಮ. ಯಾರಿಗೂ ಗೊತ್ತಾಗಲ್ಲ. ಆದರೆ ಈ ಚಪ್ಪಡಿ ಬೆಟ್ಟದಿಂದ ಇಲ್ಲಿಗೆ ಎಳೀಬೇಕಾದರೆ ಊರಿಗೆ ಊರೇ ಸೇರಿರಬೇಕು. ಎಷ್ಟೋ ದಿನ ಎಲ್ಲರೂ ಬೇರೆ ಕೆಲಸ ಬಿಟ್ಟಿರಬೇಕು."

ಅವರು ಚಪ್ಪಡಿಯನ್ನು ಅಂಗೈಯಿಂದ ತಟ್ಟಿ ನೋಡಿದರು, ಎಮ್ಮೆಯ ಬೆನ್ನು ತಟ್ಟುವ ಹಾಗೆ.

"ಅಂಗಾದ್ರೆ ಊರಿಗೆ ಬೇಕಾದೋರು" ಅಂದರು. ಕೆಳಗೆ ಕಣದಲ್ಲಿ ಗಂಡಸರು ರಾಗಿ ತೂರುತ್ತಿದ್ದರು. ಅವರಲ್ಲಿ ಇಬ್ಬರು ಯುಗಾದಿ ಕಳೆದ ಮೇಲೆ ಹೇರೋಹಳ್ಳಿಯ ಕಡೆ ಕೂಲಿಗೆ ಹೋಗುವವರು, ಒಬ್ಬ ಮಾಗಡಿಯ ಅತ್ತೆಮನೆಗೆ. "ಹೊಲ ಓಯ್ತು ಅಂದ್ಮ್ಯಾಕೆ ಊರು ಎಷ್ಟ್ ದಿನ ಕೂಡಿದ್ದಾದವ್ವ. ನಾ ಸತ್ತಾಗ ಹೊರಾಕೆ ನಾಕು ಜನ ಸಿಕ್ಕುದ್ರೆ ಸಾಕು."

"ನಾನು ಬರ್ತೀನಿ" ಅಂದೆ.

"ಹೆಣ್ಣುಡುಗಿ ನೀನು, ಹೊರ್ತೀಯಾ?" ಅಂತ ನಕ್ಕರು. ಆಮೇಲೆ ನನ್ನ ಭುಜ ಹಿಡಿದುಕೊಂಡು ಎದ್ದರು. ಮಂಕರಿಯ ಒಂದು ಕಡೆ ಅವರು, ಒಂದು ಕಡೆ ನಾನು ಹಿಡಿದು ರಾಗಿಯನ್ನು ಮನೆಗೆ ಸಾಗಿಸಿದೆವು. ಕೊನೆ ಬಸ್ಸು ತಪ್ಪಿಹೋಯಿತು. ಅಪ್ಪನಿಗೆ ಹೇಳಿಯೇ ಬಂದಿದ್ದೆ, ತಪ್ಪಿದರೆ ಅಲ್ಲೇ ಇರ್ತೀನಿ ಅಂತ.